ಅಂಜಿ ನಿಂತಿದ್ದ ಬಾಗಿಲು

ನಂದಗುಡಿಯ ಪಿಳ್ಳಣ್ಣನ ಮಗಳು ಜ್ಯೋತಿಲಕ್ಷ್ಮಿ ಸೂಲಿಬೆಲೆ ರಸ್ತೆಯ ಗುಲಾಬಿ ತೋಟದ ಆಫೀಸಿಗೆ ಕೆಲಸಕ್ಕೆ ಸೇರಿದ್ದು ತೊಂಬತ್ತೊಂಬತ್ತನೇ ಇಸವಿಯ ಯುಗಾದಿ ಕಳೆದು ಮೂರು ವಾರಕ್ಕೆ. ಆ ಕೆಲಸ ಅವಳ ತಮ್ಮ ಅಂಜನ್‌ನದು. ಸಂಕ್ರಾಂತಿಯ ಮಾರನೆಯ ದಿನವೂ ಅವನು ಅದೇ ಕುರ್ಚಿಯಲ್ಲಿ ಕೂತು ಕೆಲಸ ಮಾಡಿದ್ದ. ಸಂಜೆ ಬಂದು ಮಲಗಿದವನು ಏಳಲಿಲ್ಲ. ಕಾಮಾಲೆ ಎಂದು ಗೊತ್ತಾಗಿ, ನಾಟಿ ಔಷಧಿ ಕುಡಿಸಿ, ಹೊಸಕೋಟೆ ಆಸ್ಪತ್ರೆಗೆ ಸಾಗಿಸುವಷ್ಟರಲ್ಲಿ ಹೊತ್ತು ಮೀರಿತ್ತು. ಹನ್ನೆರಡನೇ ದಿನಕ್ಕೆ ಹೋಗಿಬಿಟ್ಟ. ಅವನಿಗೆ ಇಪ್ಪತ್ತಮೂರು ವರ್ಷ.

ಅವನು ಮಲಗುವುದಕ್ಕೆ ಒಂದು ವಾರ ಮೊದಲೇ ಅವನ ಕಣ್ಣು ಹಳದಿಯಾಗಿದ್ದುದನ್ನು ಜ್ಯೋತಿಲಕ್ಷ್ಮಿ ನೋಡಿದ್ದಳು. ನಿದ್ದೆಗೆಟ್ಟಿದ್ದಾನೆ, ಆ ಕಂಪ್ಯೂಟರ್ ಮಿಷಿನ್ ಮುಂದೆ ಕೂತು ಕೂತು ಹೀಗಾಗಿದೆ ಅಂದುಕೊಂಡು ಸುಮ್ಮನಾಗಿದ್ದಳು. ಈ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ. ಬೆಳಿಗ್ಗೆ ದೇವರ ಮುಂದೆ ದೀಪ ಹಚ್ಚುವಾಗ ಮಾತ್ರ ಹೇಳಿಕೊಳ್ಳುತ್ತಿದ್ದಳು.

ತೋಟದ ಮ್ಯಾನೇಜರ್ ಕಾಂತರಾಜು ಮನೆಗೇ ಬಂದು ಕರೆದಿದ್ದರು. "ಟೈಪಿಂಗ್ ಸೀನಿಯರ್ ಆಗಿದೆ ಅಂತೀಯ, ಪಿಯುಸಿ ಓದಿದೀಯ. ಮನೇಲಿ ಕೂತು ಗೋಡೆ ನೋಡೋ ಬದ್ಲು ಬಾಮ್ಮ. ಅವನ ಕೆಲಸ ನಿಂಗೇ ಇರ್ಲಿ" ಅಂದಿದ್ದರು. ಕೆಲಸ ಕಷ್ಟದ್ದೇನಲ್ಲ. ಪ್ಲಾಸ್ಟಿಕ್ ಹೊದಿಸಿದ ಮನೆಗಳಲ್ಲಿ ಬೆಳೆದ ಗುಲಾಬಿ ವಿಮಾನ ಹತ್ತಿ ಹಾಲೆಂಡಿಗೆ ಹೋಗುತ್ತಿತ್ತು. ಎಷ್ಟು ಪೆಟ್ಟಿಗೆ ಹೊರಟಿತು ಎಂದು ಕಂಪ್ಯೂಟರಿನಲ್ಲಿ ಬರೆದು ಕಳಿಸಬೇಕು. ಅಲ್ಲಿಯ ಹರಾಜಿನ ಬೆಲೆ ಹನ್ನೊಂದರಿಂದ ಒಂದು ಗಂಟೆಯೊಳಗೆ ಯಾವಾಗಲಾದರೂ ಬರುತ್ತದೆ. ಬಂದ ಕೂಡಲೇ ಬರೆದು ಒಳಗೆ ಕೊಡಬೇಕು. ಕಂಪ್ಯೂಟರಿಗೆ ಜೋಡಿಸಿದ ಫೋನಿನ ಲೈನು ಒಮ್ಮೆ ಕಡಿದರೆ ಮತ್ತೆ ಸಿಗಲು ಅರ್ಧ ಗಂಟೆ ಹಿಡಿಯುತ್ತಿದ್ದುದರಿಂದ ಆ ಎರಡು ಗಂಟೆ ಲೈನನ್ನು ಹಾಗೇ ಬಿಟ್ಟು ಕಾಯಬೇಕು.

ಅಂಜನ್ ಆ ಎರಡು ಗಂಟೆ ಏನು ಮಾಡುತ್ತಿದ್ದ ಎನ್ನುವುದು ಅವಳಿಗೆ ಗೊತ್ತಿತ್ತು. ರಾತ್ರಿ ಊಟಕ್ಕೆ ಕೂತಾಗ ಹೇಳುತ್ತಿದ್ದ. ಯಾವುದೋ ದೂರದೇಶದ ಕಾಲೇಜಿನ ಹುಡುಗರು ಎಂಟು ವರ್ಷದ ಹಿಂದೆ ಕಟ್ಟಿದ ಆಟ ಅದು. ಚಿತ್ರವಿಲ್ಲ, ಬರೀ ಅಕ್ಷರ. ನೀನು ಕಾಡಿನಲ್ಲಿದ್ದೀಯೆ, ಉತ್ತರಕ್ಕೆ ಒಂದು ಕೋಟೆ ಕಾಣುತ್ತದೆ ಎಂದು ತೆರೆಯ ಮೇಲೆ ಬರುತ್ತದೆ. ಉತ್ತರಕ್ಕೆ ಹೋಗು ಎಂದು ನಾವು ಬರೆಯಬೇಕು. ಹೀಗೆ ಏಳು ಕೋಟೆ. ಒಬ್ಬೊಬ್ಬರೂ ಒಂದು ಹೆಸರು ಇಟ್ಟುಕೊಂಡು, ಒಂದು ವೇಷ ತೊಟ್ಟು ಅಲ್ಲಿ ಓಡಾಡುತ್ತಾರೆ. ಜಗತ್ತಿನ ಎಲ್ಲೆಲ್ಲಿಯವರೋ ಅಲ್ಲಿ ಒಬ್ಬರಿಗೊಬ್ಬರು ಸಿಗುತ್ತಾರೆ. ಅವನು ಅಲ್ಲಿ ಮನೆಯಲ್ಲಿ ಕರೆಯುವ ಹೆಸರನ್ನೇ ಇಟ್ಟುಕೊಂಡಿದ್ದ. ಅಂಜಿ.

"ಊಟ ಮಾಡೋ ಮೊದ್ಲು. ಕೋಟೆಯಂತೆ" ಎಂದು ಅವಳು ಎಷ್ಟು ಸಲ ಗದರಿದ್ದಳೋ.

ಸೇರಿದ ಮೊದಲ ದಿನವೇ ಮೇಜಿನ ಮೇಲಿನ ರಿಜಿಸ್ಟರಿನ ಹಿಂಬದಿಯ ರಟ್ಟಿನಲ್ಲಿ ಅವನ ಕೈಬರಹ ಸಿಕ್ಕಿತು. ಆಟದ ವಿಳಾಸ, ಕೆಳಗೆ ಗುಟ್ಟಿನ ಪದ: ಸಪ್ಪಲಮ್ಮ. ಊರ ದೇವತೆಯ ಹೆಸರು. ಅವಳು ಅದನ್ನು ಒಂದು ವಾರ ಮುಟ್ಟಲಿಲ್ಲ. ಎಂಟನೇ ದಿನ ಹಾಲೆಂಡಿನ ಬೆಲೆ ತಡವಾಯಿತು. ಸೊಳ್ಳೆಪರದೆಯಂತೆ ತೆಳ್ಳಗೆ ಬಿಸಿಲು ಬಿದ್ದಿದ್ದ ಕೋಣೆಯಲ್ಲಿ ಒಬ್ಬಳೇ ಕೂತು ಅವಳು ಆ ವಿಳಾಸವನ್ನು ಒಂದೊಂದೇ ಅಕ್ಷರವಾಗಿ ಒತ್ತಿದಳು. ಹೆಸರು ಕೇಳಿತು, ಅಂಜಿ ಎಂದು ಬರೆದಳು. ಗುಟ್ಟಿನ ಪದ ಕೇಳಿತು, ಬರೆದಳು.

'ಬಾ ಅಂಜಿ. ನೀನು ಬಂದು ಎಂಬತ್ತೊಂಬತ್ತು ದಿನವಾಯಿತು. ತೊಂಬತ್ತು ದಿನ ಬಾರದವರ ಹೆಸರನ್ನು ಇಲ್ಲಿ ಅಳಿಸಲಾಗುತ್ತದೆ.'

ಇನ್ನೊಂದು ದಿನ ತಡೆದಿದ್ದರೆ ಇಲ್ಲಿಯೂ ಹೋಗುತ್ತಿದ್ದ.

ಅದರ ಕೆಳಗೆ ಅವನನ್ನು ಕೊನೆಗೆ ಬಿಟ್ಟ ಜಾಗದ ವಿವರ ಬಂತು. ಏಳನೇ ಕೋಟೆಯ ಒಳಗಿನ ಕಲ್ಲಿನ ಓಣಿ. ಮುಂದೆ ಮುಚ್ಚಿದ ಬಾಗಿಲು. ಅಂಜಿಯ ಕೈಯಲ್ಲಿ ಉರಿಯುವ ದೀಪ. ಜನವರಿಯಿಂದ ಅವನು ಅಲ್ಲೇ ದೀಪ ಹಿಡಿದು ನಿಂತಿದ್ದ. ಇಲ್ಲಿ ಮಣ್ಣು ಮಾಡಿ, ಹನ್ನೊಂದನೇ ದಿನದ ಕಾರ್ಯ ಮುಗಿಸಿ, ಎರಡು ಅಮಾವಾಸ್ಯೆ ಕಳೆದಿದ್ದವು. ಅಲ್ಲಿ ದೀಪ ಉರಿಯುತ್ತಲೇ ಇತ್ತು.

ಅವಳು ಏನೂ ಒತ್ತದೆ ನೋಡುತ್ತ ಕೂತಿದ್ದಾಗ ತೆರೆಯ ಮೇಲೆ ತಾನಾಗಿಯೇ ಒಂದು ಸಾಲು ಮೂಡಿತು. ಕ್ರೇನ್ ಎನ್ನುವವರು ಮಾತಾಡಿಸುತ್ತಿದ್ದರು. ಅವರು ಬರೆದದ್ದು ಇಂಗ್ಲಿಷಿನಲ್ಲಿ. ಆದರೆ ಓದುವಾಗ ಜ್ಯೋತಿಲಕ್ಷ್ಮಿಗೆ ಅದು ಅಂಜನ್‌ನ ಗೆಳೆಯರು ಜಗಲಿಯ ಮೇಲೆ ಕೂತು ಆಡುವ ಮಾತಿನಂತೆಯೇ ಕೇಳಿಸಿತು.

'ಲೇ ಅಂಜಿ! ಬದುಕಿದ್ದೀಯೇನೋ? ಎಲ್ಲೋ ಹಾಳಾಗಿ ಹೋಗಿದ್ದೆ?'

ಅವಳು ಬರೆಯುವ ಮೊದಲೇ ಇನ್ನೊಂದು ಸಾಲು ಬಂತು.

'ಆವತ್ತು ಹೊಟ್ಟೆ ತೊಳೆಸುತ್ತೆ, ಅನ್ನ ಸೇರಲ್ಲ ಅಂದಿದ್ದೆ. ಡಾಕ್ಟರ್ ಹತ್ರ ಹೋಗು ಅಂತ ಬಡ್ಕೊಂಡೆ. ಹೋದ್ಯಾ?'

ಸಮುದ್ರದಾಚೆಯ ಯಾರೋ ಒಬ್ಬರಿಗೆ ಅಂಜನ್ ತನ್ನ ಹೊಟ್ಟೆಯ ಸಂಕಟ ಹೇಳಿಕೊಂಡಿದ್ದ. ಒಂದೇ ಸೂರಿನ ಕೆಳಗಿದ್ದ ಅಕ್ಕನಿಗೆ ಹೇಳಿರಲಿಲ್ಲ. ಅವಳು ಒಂದೇ ಪದ ಬರೆದಳು. 'ಹೋದೆ.'

'ಈಗ ಹೇಗಿದೀಯ?'

'ವಾಸಿ.'

ಅಂದಿನಿಂದ ಅವಳು ಅಲ್ಲಿ ಅಂಜಿಯಾದಳು.

ಆಟದೊಳಗೆ ಒಂದು ಸೂಚನಾ ಹಲಗೆಯಿತ್ತು. ಆಡುವವರು ನಡೆಸುವವರಿಗೆ ಪತ್ರ ಬರೆದು ಅಂಟಿಸುವ ಜಾಗ. ಅಂಜನ್ ಬರೆದದ್ದು ಮೂವತ್ತಕ್ಕೂ ಹೆಚ್ಚು ಪತ್ರಗಳಿದ್ದವು. ದಿನಕ್ಕೆರಡು ಓದಿದಳು. ಓದುತ್ತಿದ್ದರೆ ಅವನು ಎದುರು ಕೂತು ತಟ್ಟೆ ತಳ್ಳಿ ಗೊಣಗುತ್ತಿರುವಂತೆಯೇ ಇತ್ತು. 'ಮೂರು ವರ್ಷದಿಂದ ಹೊಸದು ಒಂದು ಕಲ್ಲೂ ಇಟ್ಟಿಲ್ಲ ನೀವು. ಭಾನುವಾರ ಕೊಂದ ಕಾವಲುಗಾರರು ಸೋಮವಾರ ಎದ್ದು ನಿಲ್ಲುತ್ತಾರೆ. ಹೊಸಬರಿಗೆ ಮಾಡಲು ಸಾವಿರ ಕೆಲಸ ಇದೆ. ಮೇಲಕ್ಕೆ ಹತ್ತಿದವರಿಗೆ ಏನಿದೆ? ಸುತ್ತಿದ ಕಡೆಯೇ ಸುತ್ತಬೇಕು.' ಇನ್ನೊಂದರಲ್ಲಿ: 'ಕೊನೇ ಬಾಗಿಲು ತೆಗೆಯೋಕೆ ಮೇಲಿನ ದರ್ಜೆಯ ಮೂರು ಜನ ಬೇಕು ಅಂತೀರ. ಎಲ್ಲಿಂದ ತರೋಣ? ಬೇಸತ್ತು ಎಲ್ಲಾ ಬಿಟ್ಟು ಹೋದರು. ಆ ದೀಪ ಒಬ್ಬರಿಗೆ ಒಂದೇ ಸಲ ಸಿಗೋದು. ವರ್ಷಗಟ್ಟಲೆ ಒದ್ದಾಡಿ ಸಂಪಾದಿಸಿದೀನಿ. ಹಿಡಿದುಕೊಂಡು ಎಷ್ಟು ದಿನ ನಿಲ್ಲಲಿ?'

ಯಾವ ಪತ್ರಕ್ಕೂ ಉತ್ತರವಿರಲಿಲ್ಲ.

ಎಷ್ಟು ದಿನ ನಿಲ್ಲಲಿ ಎನ್ನುವ ಆ ಮಾತು ಅವಳನ್ನು ಬಿಡಲಿಲ್ಲ. ಬಸ್ಸಿನಲ್ಲಿ ಕೂತರೂ, ಹಸುವಿಗೆ ಹುಲ್ಲು ಹಾಕಿದರೂ ಅದೇ. ಮನೆಯಲ್ಲಿ ಅಪ್ಪ ಪಿಳ್ಳಣ್ಣ ಓಡಿಸುವವರಿಲ್ಲದ ಸೈಕಲ್ಲಿಗೆ ವಾರಕ್ಕೊಮ್ಮೆ ಎಣ್ಣೆ ಬಿಟ್ಟು ಒರೆಸಿ ಇಡುತ್ತಿದ್ದ. ಅಮ್ಮ ಕದಿರಮ್ಮ ಮುದ್ದೆ ತಿರುವುವಾಗ ಮರೆತು ಒಂದು ಹೆಚ್ಚಿಗೆ ತಿರುವುತ್ತಿದ್ದಳು. ಅವರಿಬ್ಬರೂ ಏನೋ ಒಂದು ಮಾಡುತ್ತಿದ್ದಾರೆ, ನಾನು ಏನು ಮಾಡಲಿ ಎಂದು ಜ್ಯೋತಿಲಕ್ಷ್ಮಿಗೆ ಅನ್ನಿಸುತ್ತಿತ್ತು. ಅವನನ್ನು ಆ ಬಾಗಿಲು ದಾಟಿಸಬೇಕು. ಅಷ್ಟು ಮಾಡಿದರೆ ಸಾಕು. ಈ ಯೋಚನೆ ಬಂದ ದಿನ ಅವಳು ಸಪ್ಪಲಮ್ಮನ ಗುಡಿಗೆ ಹೋಗಿ ಹರಕೆ ಹೊತ್ತಳು. ಯಾವುದಕ್ಕೆ ಎಂದು ಪೂಜಾರಿ ಕೇಳಿದರೆ ಸುಮ್ಮನೆ ನಕ್ಕಳು.

ಮೂರು ಜನ ಬೇಕಿತ್ತು. ಅಂಜಿ ಒಬ್ಬ. ಕ್ರೇನ್ ಒಬ್ಬರು, ಆಸ್ಟ್ರೇಲಿಯಾದವರು, ಹಡಗಿನಲ್ಲಿ ವೈರ್‌ಲೆಸ್ ಕೆಲಸ ಮಾಡಿ ನಿವೃತ್ತರಾದ ಮುದುಕರು. ಮೂರನೆಯವಳು ಮಿಂಟ್, ಫಿನ್‌ಲೆಂಡಿನ ಹುಡುಗಿ. ಅವಳಿನ್ನೂ ಮೇಲಿನ ದರ್ಜೆಗೆ ಬಂದಿರಲಿಲ್ಲ. ಅವಳನ್ನು ಹತ್ತಿಸಲು ಮೂವರೂ ದಿನವೂ ಅದೇ ಕೋಟೆ, ಅದೇ ಕಾವಲುಗಾರರು, ಅದೇ ಓಣಿ ಸುತ್ತಿದರು. ಮೇ ಹೋಯಿತು, ಜೂನ್ ಹೋಯಿತು, ಶ್ರಾವಣ ಬಂತು.

'ತಲೆ ಕೆಟ್ಟೋಗುತ್ತೆ ನಂಗೆ. ಇದೇ ದೆವ್ವನ ಇನ್ನೂರು ಸಲ ಹೊಡೆದಿದೀನಿ' ಎಂದು ಮಿಂಟ್ ಬರೆಯುವಳು.

'ಅದಕ್ಕೂ ನಿನ್ನ ಮುಖ ನೋಡಿ ಸಾಕಾಗಿರುತ್ತೆ ಬಿಡು' ಎಂದು ಕ್ರೇನ್ ಬರೆಯುವರು.

'ಅಂಜಿ, ನಿಂಗೆ ಬೇಜಾರಾಗಲ್ವಾ? ಮೊದ್ಲು ನೀನೇ ಎಲ್ಲರಿಗಿಂತ ಜಾಸ್ತಿ ಬಯ್ತಿದ್ದೆ. ಕಾಯಿಲೆ ಬಂದು ಸಾಧು ಆಗೋದ್ಯಾ?' ಎಂದು ಮಿಂಟ್ ಕೇಳುವಳು.

ಜ್ಯೋತಿಲಕ್ಷ್ಮಿಗೆ ಬೇಜಾರಾಗುತ್ತಿರಲಿಲ್ಲ. ಶನಿವಾರ ಶನಿವಾರ ಆಂಜನೇಯನಿಗೆ ನೂರೆಂಟು ಪ್ರದಕ್ಷಿಣೆ ಹಾಕುವವಳಿಗೆ ಸುತ್ತಿದ ಕಡೆ ಸುತ್ತುವುದು ಹೊಸದಲ್ಲ. ಆದರೆ ಹಾಗೆ ಸುತ್ತುವಾಗ ನಡುವೆ ಒಬ್ಬ ದೇವರಿರುತ್ತಾನೆ. ಇಲ್ಲಿ ನಡುವೆ ಏನಿದೆಯೆಂದು ಯಾರಿಗೂ ಗೊತ್ತಿರಲಿಲ್ಲ.

ಒಮ್ಮೆ ಕಾಂತರಾಜು ಬಾಗಿಲಲ್ಲಿ ನಿಂತು, "ಏನಮ್ಮಾ, ಆ ಹಾಲೆಂಡ್‌ನೋರು ಇಷ್ಟೊಂದು ಮಾತಾಡ್ತಾರಾ? ಬೆಲೆ ಕೊಡುವಾಗ ಮಾತ್ರ ಬಾಯಿ ಬಿಡಲ್ಲ" ಅಂದರು.

"ಬಂತು ಸಾರ್, ಬಂತು" ಎಂದು ಅವಳು ಬೆಲೆಯ ಹಾಳೆ ಚಾಚಿದಳು.

ಅಮ್ಮ ಮಾತ್ರ ಒಂದು ದಿನ ಕೇಳಿದಳು. "ಜ್ಯೋತಿ, ಅವ್ನು ಕೂರ್ತಿದ್ದ ಜಾಗದಲ್ಲಿ ಕೂತ್ರೆ ನಿಂಗೇನೂ ಅನ್ಸಲ್ವಾ?"

"ಏನನ್ಸಬೇಕಮ್ಮ?"

"ಏನೋಪ್ಪ. ಈಚೀಚೆಗೆ ನೀನು ಅನ್ನ ಕಲಸೋದು ಅವ್ನು ಕಲಸ್ದಂಗೇ ಐತೆ."

ಜ್ಯೋತಿಲಕ್ಷ್ಮಿ ತಟ್ಟೆ ನೋಡಿಕೊಂಡಳು. ಅನ್ನವನ್ನೆಲ್ಲ ಒಂದು ಬದಿಗೆ ಗುಡ್ಡೆ ಮಾಡಿ, ಸಾರನ್ನು ಇನ್ನೊಂದು ಬದಿಗೆ ಬಿಟ್ಟುಕೊಂಡಿದ್ದಳು. ಅವಳು ಎಂದೂ ಹಾಗೆ ತಿಂದವಳಲ್ಲ.

ಸೆಪ್ಟೆಂಬರಿನಲ್ಲಿ ಮಿಂಟ್ ಮೇಲಿನ ದರ್ಜೆಗೆ ಬಂದಳು. ಅದೇ ವಾರ ಸೂಚನಾ ಹಲಗೆಯಲ್ಲಿ ನಡೆಸುವವರ ಒಂದೇ ಒಂದು ಸಾಲು ಕಾಣಿಸಿತು. ಅಕ್ಟೋಬರ್ ಹದಿನೈದಕ್ಕೆ ಈ ಆಟ ನಿಲ್ಲುತ್ತದೆ. ಯಂತ್ರವನ್ನು ಕಾಲೇಜು ವಾಪಸು ತೆಗೆದುಕೊಳ್ಳುತ್ತಿದೆ. ಕ್ರೇನ್‌ಗೆ ಕಣ್ಣಿನ ಆಪರೇಷನ್ ಇತ್ತು, ಮಿಂಟ್‌ಗೆ ಪರೀಕ್ಷೆ. ಮೂವರೂ ಒಟ್ಟಿಗೆ ಸಿಗುವ ಒಂದೇ ಒಂದು ದಿನವಿತ್ತು, ಒಂಬತ್ತನೇ ತಾರೀಕು ಶನಿವಾರ. ಅಂದು ಮಹಾಲಯ ಅಮಾವಾಸ್ಯೆ.

ಆ ದಿನ ಮನೆಯಲ್ಲಿ ಅಂಜನ್‌ಗೆ ಮೊದಲ ಎಡೆ. ಕೋಳಿ ಸಾರು, ಮುದ್ದೆ, ವಡೆ, ಕಜ್ಜಾಯ, ಅವನಿಗೆಂದು ತಂದ ಹೊಸ ಶರ್ಟು. ಜ್ಯೋತಿಲಕ್ಷ್ಮಿ ನಸುಕಿನಲ್ಲೇ ಎದ್ದು ನೆಲ ಸಾರಿಸಿ, ಕಜ್ಜಾಯ ಕರಿದು ಕೊಟ್ಟಳು. ಹೂವಿಗೆ ರಜೆಯಿಲ್ಲದ್ದರಿಂದ ತೋಟಕ್ಕೆ ಹೋಗಲೇಬೇಕಿತ್ತು. ಹೊರಡುವಾಗ ಕದಿರಮ್ಮ ಹತ್ತು ಸಲ ಹೇಳಿದ್ದನ್ನೇ ಮತ್ತೆ ಹೇಳಿದಳು.

"ಎರಡು ಗಂಟೆಗೆಲ್ಲ ಬಂದ್ಬಿಡು. ಎಡೆ ನೀನೇ ಇಡ್ಬೇಕು, ಅವ್ನಿಗೆ ನೀನಂದ್ರೆ ಜೀವ. ಇಟ್ಟು, ನೀರಿಟ್ಟು, ಕೈ ಮುಗಿದು ಆಚೆ ಬಂದು ಬಾಗಿಲು ಎಳ್ಕೋಬೇಕು. ಅಲ್ಲೇ ನಿಂತ್ಕೊಂಡ್ರೆ ಅವ್ರು ಬರಲ್ಲ. ನಾವಿದ್ರೆ ಹೆಂಗೆ ಉಣ್ತಾರೆ?"

"ಗೊತ್ತಮ್ಮ. ವರ್ಷಾ ವರ್ಷ ಮಾಡ್ತೀವಲ್ಲ, ತಾತಂಗೆ."

ಹನ್ನೊಂದೂಕಾಲಿಗೆ ಮೂವರೂ ಬಾಗಿಲ ಮುಂದೆ ಸೇರಿದರು. ದೀಪ ಅಂಜಿಯ ಕೈಯಲ್ಲಿದ್ದುದರಿಂದ ಅವನೇ ಮುಂದಾಳು. ಮುಂದಾಳು ಹೋದ ಕಡೆ ಉಳಿದವರೂ ತಾವಾಗಿಯೇ ಹೋಗುವಂತೆ ಹಿಂದೆ ಸೇರಿಕೊಳ್ಳುವ ಪದ್ಧತಿ ಆ ಆಟದಲ್ಲಿತ್ತು. ಸೇರಿಕೊಂಡರು. ಅವಳು ಬಾಗಿಲು ತೆಗೆ ಎಂದು ಬರೆದಳು. ಬಾಗಿಲು ತೆರೆಯಿತು.

'ಲೇ! ಲೇ! ತೆಗೀತು!' ಎಂದಳು ಮಿಂಟ್.

ಒಳಗೆ ಒಂದು ಕೋಣೆ. ತೆರೆಯ ಮೇಲೆ ಎರಡೇ ಸಾಲು ಬಂತು. ಬರಿಯ ಗೋಡೆ. ನಡುವೆ ಕಲ್ಲಿನ ಹಾಸು, ಅದರ ಮೇಲೆ ಒಂದು ದೀಪ ಇಡುವಷ್ಟು ಜಾಗ. ಜ್ಯೋತಿಲಕ್ಷ್ಮಿ ದೀಪ ಇಟ್ಟಳು. 'ದೀಪವನ್ನು ಇಟ್ಟೆ' ಎಂದು ತೋರಿಸಿತು. ಮತ್ತೇನೂ ಆಗಲಿಲ್ಲ.

'ತಡಿ, ಸ್ವಲ್ಪ ಕಾಯೋಣ. ಏನೋ ಆಗುತ್ತೆ' ಎಂದರು ಕ್ರೇನ್.

ಆದರೆ ಅವಳ ಕೈ ಅಷ್ಟರಲ್ಲಿ ಮುಂದಿನ ಕೆಲಸ ಮಾಡಿಯಾಗಿತ್ತು. ಕಲ್ಲಿನ ಮೇಲೆ ಇಡುವುದನ್ನು ಇಟ್ಟ ಮೇಲೆ ಏನು ಮಾಡಬೇಕೆಂದು ಅದಕ್ಕೆ ಚಿಕ್ಕಂದಿನಿಂದ ಗೊತ್ತಿತ್ತು. ದಕ್ಷಿಣಕ್ಕೆ ಎಂದು ಒತ್ತಿದಳು. ಅಂಜಿಯ ಹಿಂದೆ ಇಬ್ಬರೂ ಓಣಿಗೆ ಬಂದರು. ಬಾಗಿಲು ಹಾಕು ಎಂದು ಒತ್ತಿದಳು.

'ಬಾಗಿಲು ಮುಚ್ಚಿತು. ಒಳಗೆ ಅಗಳಿ ಬಿದ್ದ ಸದ್ದು ಕೇಳಿಸಿತು.'

ದೀಪವಿಲ್ಲದೆ ಆ ಬಾಗಿಲು ತೆರೆಯುವುದಿಲ್ಲ. ದೀಪ ಒಳಗಿತ್ತು.

'ಏನೋ ಮಾಡ್ದೆ?' ಎಂದಳು ಮಿಂಟ್. 'ಏನೋ ಮಾಡ್ದೆ ನೀನು? ಮೂರು ವರ್ಷ ಕಣೋ! ಹೊರಗೆ ಯಾಕೆ ಬಂದೆ?'

ಜ್ಯೋತಿಲಕ್ಷ್ಮಿ ಅರ್ಧ ವರ್ಷದಿಂದ ಬರೆಯದೆ ತಡೆದಿದ್ದುದನ್ನು ತಪ್ಪು ತಪ್ಪು ಇಂಗ್ಲಿಷಿನಲ್ಲಿ ಬರೆದಳು. 'ನಮ್ಮಲ್ಲಿ ಸತ್ತವರಿಗೆ ಊಟ ಇಟ್ಟ ಮೇಲೆ ಹೊರಗೆ ಬಂದು ಬಾಗಿಲು ಹಾಕಬೇಕು. ಇವತ್ತು ಆ ದಿನ. ಕೈ ತಾನಾಗಿಯೇ ಮಾಡಿತು.'

'ಯಾರು ಸತ್ತವರು?'

'ಅಂಜಿ. ಜನವರಿಯಲ್ಲಿ ತೀರಿಕೊಂಡ. ನಾನು ಅವನ ಅಕ್ಕ.'

ಹೊರಗೆ ಪ್ಲಾಸ್ಟಿಕ್ ಮನೆಗಳಿಗೆ ನೀರು ಸಿಂಪಡಿಸುವ ಸದ್ದು ಬರುತ್ತಿತ್ತು. ಆಮೇಲೆ, 'ಮಿಂಟ್ ಹೊರಟುಹೋದಳು' ಎಂದು ತೆರೆ ತೋರಿಸಿತು. ಅವಳು ಮತ್ತೆ ಯಾವತ್ತೂ ಬರಲಿಲ್ಲ.

ಕ್ರೇನ್ ಬರೆದರು. 'ಹಾಗಾದ್ರೆ ಡಾಕ್ಟರ್ ಹತ್ರ ಹೋಗಿರ್ಲಿಲ್ಲ.'

'ತಡವಾಗಿ ಹೋದ. ಕಣ್ಣು ಹಳದಿಯಾಗಿದ್ದುದನ್ನು ನಾನು ನೋಡಿದ್ದೆ. ಯಾರಿಗೂ ಹೇಳಲಿಲ್ಲ.'

'ನಾನೂ ಕೇಳಿ ಸುಮ್ಮನಾದೆ ಕಣಮ್ಮ' ಎಂದರು ಮುದುಕರು.

ಅವಳು ಮನೆ ಸೇರಿದಾಗ ಎರಡು ದಾಟಿತ್ತು. ಎಡೆ ಇಟ್ಟಳು, ಲೋಟದ ತುಂಬ ನೀರಿಟ್ಟಳು, ಕೈ ಮುಗಿದು ಹೊರಗೆ ಬಂದು ಬಾಗಿಲು ಎಳೆದುಕೊಂಡಳು. ಮೂವರೂ ಜಗಲಿಯ ಮೇಲೆ ಕೂತರು. ಸ್ವಲ್ಪ ಹೊತ್ತಾದ ಮೇಲೆ ಪಿಳ್ಳಣ್ಣ ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋದ. ಕದಿರಮ್ಮ ಎಲೆಯ ಮುಂದೆ ಮಂಡಿಯೂರಿ ನೋಡಿದಳು. ಲೋಟದ ನೀರು ಅಂಚಿನವರೆಗೂ ಹಾಗೇ ಇತ್ತು. ಕಜ್ಜಾಯದ ಹತ್ತಿರ ಒಂದು ಇರುವೆಯೂ ಸುಳಿದಿರಲಿಲ್ಲ.

"ಬಂದಿಲ್ಲ ಅವ್ನು" ಅಂದಳು. "ಬೆಳಿಗ್ಗೆಯಿಂದ ಬರ್ತಾನೆ, ಬರ್ತಾನೆ ಅಂತಿದ್ದೆ. ಬಂದಿಲ್ಲ."

"ಸುಮ್ನಿರೇ, ನೀರು ಕುಡಿದಿದ್ದು ಗೊತ್ತಾಗುತ್ತಾ?" ಎಂದು ಪಿಳ್ಳಣ್ಣ ಗದರಿ ಆಚೆ ಹೋಗಿಬಿಟ್ಟ.

ಜ್ಯೋತಿಲಕ್ಷ್ಮಿಗೆ ತಡೆಯಲಾಗಲಿಲ್ಲ. ಅಮ್ಮನ ಪಕ್ಕ ಕೂತು ಎಲ್ಲವನ್ನೂ ಹೇಳಿದಳು. ಅಕ್ಷರದ ಕೋಟೆ, ಆರದ ದೀಪ, ಬೆಳಿಗ್ಗೆ ಅಲ್ಲಿಯೂ ಎಡೆಯಂತೆ ಆ ದೀಪ ಇಟ್ಟು ಬಂದದ್ದು, ಕೊನೆಗೆ ಆ ಹಳದಿ ಕಣ್ಣು. ಕದಿರಮ್ಮನಿಗೆ ಎಷ್ಟು ತಿಳಿಯಿತೋ ಏನೋ. ಕಣ್ಣಿನ ವಿಷಯಕ್ಕೆ ಮಗಳ ಬೆನ್ನ ಮೇಲೆ ಕೈ ಇಟ್ಟಳು. ಆಮೇಲೆ ಒಂದೇ ಕೇಳಿದಳು.

"ಅಲ್ಲಿ ಬಾಗಿಲು ಹಾಕ್ದೆ ಅಂದ್ಯಲ್ಲ. ತಟ್ಟಿ ತೆಗೆದ್ಯಾ?"

"ತೆಗೆಯೋಕಾಗಲ್ಲಮ್ಮ."

"ಅಯ್ಯೋ, ಹಂಗೆ ಬಿಡ್ತಾರೇನೇ? ಉಂಡ ಮೇಲೆ ಹೋಗೋಕೆ ದಾರಿ ಬೇಡ್ವಾ ಅವ್ನಿಗೆ? ಅದಕ್ಕೇ ಇಲ್ಲಿಗೆ ಬಂದಿಲ್ಲ. ಅಲ್ಲೇ ಒಳಗವ್ನೆ."

ಆ ಮಾತು ಕೇಳಿದ ಮೇಲೆ ಜ್ಯೋತಿಲಕ್ಷ್ಮಿಗೆ ಅನ್ನ ಸೇರಲಿಲ್ಲ. ದಾಟಿಸಲು ಹೋಗಿ ಕೂಡಿಹಾಕಿ ಬಂದಿದ್ದೇನೆ. ಇನ್ನು ಆರು ದಿನಕ್ಕೆ ಆ ಯಂತ್ರವನ್ನು ಆರಿಸುತ್ತಾರೆ. ಸೋಮವಾರ ಬಾಗಿಲು ತಟ್ಟಿದಳು. 'ತಟ್ಟಿದೆ. ಯಾರೂ ಮಾತಾಡಲಿಲ್ಲ' ಎಂದು ಬಂತು. ಮಂಗಳವಾರವೂ ಅದೇ. ಬುಧವಾರ ಅವಳು ಸೂಚನಾ ಹಲಗೆಗೆ ಹೋದಳು. ತಮ್ಮನ ಮೂವತ್ತು ಸಿಟ್ಟಿನ ಪತ್ರಗಳ ಕೆಳಗೆ, ಮೊದಲ ಸಲ ತನ್ನ ಹೆಸರು ಹಾಕಿ ಬರೆದಳು. 'ನನಗೆ ಹೊಸದೇನೂ ಬೇಡ. ಬಹುಮಾನ ಬೇಡ. ಒಳಗೆ ನನ್ನ ತಮ್ಮ ಇದ್ದಾನೆ. ಆರಿಸುವ ಮೊದಲು ಬಾಗಿಲು ಒಂದು ಸಲ ತೆಗೆಯಿರಿ. ಕೈ ಮುಗಿದು ಕೇಳುತ್ತೇನೆ. ಜ್ಯೋತಿಲಕ್ಷ್ಮಿ.'

ಶುಕ್ರವಾರ, ಕೊನೆಯ ದಿನ, ಓಣಿಯಲ್ಲಿ ಕ್ರೇನ್ ಕಾದಿದ್ದರು. ಕಣ್ಣಿಗೆ ಪಟ್ಟಿ ಕಟ್ಟಿದ್ದಾರೆ, ಹೆಂಡತಿ ಓದಿ ಹೇಳುತ್ತಿದ್ದಾಳೆ ಎಂದರು. ಹನ್ನೆರಡಕ್ಕೆ ಹತ್ತು ನಿಮಿಷವಿದ್ದಾಗ ಇನ್ನೊಬ್ಬರು ಬಂದು ನಿಂತಂತೆ ತೆರೆ ತೋರಿಸಿತು. ಆಟ ನಡೆಸುವವನು.

'ನಿಮ್ಮ ತಮ್ಮನ ಪತ್ರ ಎಲ್ಲಾ ಓದಿದೀನಿ' ಎಂದು ಅವನು ಬರೆದ. 'ಉತ್ತರ ಕೊಡೋಕೆ ಮುಖ ಇರ್ಲಿಲ್ಲ. ಆ ಕೋಣೆ ಆದ್ಮೇಲೆ ಏನೂ ಇಲ್ಲ. ಆಟ ಬರೀತಿದ್ದೋಳು ಓದು ಮುಗಿಸಿ ಹೋದ್ಲು, ಆಮೇಲೆ ಯಾರೂ ಬರೀಲಿಲ್ಲ. ಕೊನೆ ಅನ್ನೋದನ್ನ ನಾವು ಮಾಡ್ಲೇ ಇಲ್ಲ.'

ಅವಳು 'ಬಾಗಿಲು' ಎಂದಷ್ಟೇ ಬರೆದಳು.

ಅವನು ತೆಗೆದ. ಅವಳು ಹೊಸ್ತಿಲಲ್ಲಿ ನಿಂತು ನೋಡಿದಳು. ಬರಿಯ ಗೋಡೆ. ನಡುವೆ ಕಲ್ಲಿನ ಹಾಸು. ಹಾಸಿನ ಮೇಲೆ ಏನೂ ಇರಲಿಲ್ಲ.

'ದೀಪ ನೀವು ತೆಗೆದ್ರಾ?'

'ಇಲ್ಲ. ಅಲ್ಲಿ ಇಟ್ಟಿದ್ದು ಅಲ್ಲೇ ಇರ್ಬೇಕಿತ್ತು' ಎಂದ ಅವನು. ಮತ್ತೆ, 'ಹಳೇ ಆಟ. ಏನಾಯ್ತೋ ನಂಗೂ ಗೊತ್ತಿಲ್ಲ' ಎಂದ.

ಅವಳು ಬಾಗಿಲನ್ನು ತೆರೆದಂತೆಯೇ ಬಿಟ್ಟು, ಕುರ್ಚಿಯಿಂದ ಎದ್ದು ನಿಂತು, ತೆರೆಗೆ ಕೈ ಮುಗಿದಳು. ಒಂದು ಗಂಟೆಗೆ ಸಾಲುಗಳು ನಿಂತುಹೋದವು. ಹಾಲೆಂಡಿನ ಬೆಲೆ ಬಂದಿತ್ತು. ಬರೆದು ಒಳಗೆ ಕೊಟ್ಟಳು.

ಸಂಜೆ ಕದಿರಮ್ಮ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು. ಜ್ಯೋತಿಲಕ್ಷ್ಮಿ ಕಂಬಕ್ಕೆ ಒರಗಿ ನಿಂತಳು.

"ಬಾಗಿಲು ತೆಗೆಸ್ದೆ ಅಮ್ಮ."

"ಇದ್ನಾ?"

"ಇಲ್ಲ. ಖಾಲಿ. ಇಟ್ಟ ದೀಪಾನೂ ಇರ್ಲಿಲ್ಲ."

ಕದಿರಮ್ಮನ ಕೈ ನಿಂತಿತು. ಹಸು ಒಮ್ಮೆ ತಿರುಗಿ ನೋಡಿತು. ಮಗಳಿಗೆ ಹೇಳಿದಂತೆಯೂ ಅಲ್ಲದೆ, ತನ್ನಷ್ಟಕ್ಕೆ ಅಂದುಕೊಂಡಂತೆಯೂ ಅಲ್ಲದೆ ಅವಳು ಅಂದಳು:

"ದೀಪ ಹಿಡ್ಕೊಂಡು ಎಲ್ಲಿಗೆ ಹೋದ್ನೋ."